ಹಳೆ ನೀರು ಚೆಲ್ಲುವ ದಿನ

ಮೊನ್ನೆ ಗುರುವಾರ ಬೆಳಿಗ್ಗೆ ಐದೂವರೆಗೆ ಎದ್ದೆ. ಇದರಲ್ಲಿ ವಿಶೇಷವೇನೂ ಇಲ್ಲ, ದಿನವೂ ಏಳುತ್ತೇನೆ. ಬಾಗಿಲ ಚಿಲಕಕ್ಕೆ ಸಿಕ್ಕಿಸಿದ್ದ ಹಾಲಿನ ಪಾಕೀಟು ಬಿಡಿಸಿಕೊಂಡೆ. ಅದರ ಮೂಲೆಯನ್ನು ಹಲ್ಲಿನಿಂದ ಕಚ್ಚದೆ ಕತ್ತರಿಯಿಂದಲೇ ಕತ್ತರಿಸಿದೆ. ಕಾನ್ವೆಂಟಿನಲ್ಲಿ ಹತ್ತು ವರ್ಷ ಕಲಿತದ್ದರಲ್ಲಿ ಇಷ್ಟಾದರೂ ಉಳಿದಿದೆ ಎಂದು ನನ್ನ ಸಮಾಧಾನ. ಚಹಾಕ್ಕೆ ಇಟ್ಟು ಪಡಸಾಲೆಗೆ ಬಂದರೆ ಅತ್ತೆಯವರು ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿಕೊಂಡು ಮಲಗಿದ್ದರು. ಎಚ್ಚರವಿತ್ತು. ಎಚ್ಚರವಿದ್ದಾಗ ಅವರ ಬಲಗಾಲಿನ ಹೆಬ್ಬೆರಳು ಅಲ್ಲಾಡುತ್ತಿರುತ್ತದೆ.

ಬಿಸಿಲು ಬಡಿದು ಬಿದ್ದು, ಒಂದು ವಾರ ಆಸ್ಪತ್ರೆಯಲ್ಲಿದ್ದು, ಮಂಗಳವಾರವಷ್ಟೇ ಮನೆಗೆ ಬಂದಿದ್ದರು. ಬಿಡುಗಡೆ ಮಾಡುವಾಗ ಡಾಕ್ಟರು ನನ್ನನ್ನೊಬ್ಬಳನ್ನೇ ಹೊರಗೆ ಕರೆದು, "ಗುಳಿಗಿ ಒಂದು ಹೊತ್ತು ತಪ್ಪಿದ್ರೂ ನಡೀತದ, ನೀರು ತಪ್ಪಿಸಬ್ಯಾಡ್ರಿ. ಗುರುವಾರ ಸಂಜಿ ತನಕ ನೋಡೋಣು. ಕುಡೀಲಿಲ್ಲಂದ್ರ ಮತ್ತ ಕರ್ಕೊಂಡ್ ಬರ್ರಿ, ಸಲಾಯಿನ್ ಹಚ್ಚಬೇಕಾಗ್ತದ" ಎಂದಿದ್ದರು. ಅತ್ತೆಯವರ ಎರಡೂ ಕೈಗಳಲ್ಲಿ ಸೂಜಿಗೆ ನರ ಸಿಗದೆ ಮುಂಗೈ ತನಕ ಬದನೆಕಾಯಿ ಬಣ್ಣ ಬಂದಿತ್ತು. ರಿಕ್ಷಾದಲ್ಲಿ ಬರುವಾಗ ಅವರು ಹೇಳಿದ್ದು ಒಂದೇ ಮಾತು: "ಇನ್ನೊಮ್ಮಿ ಅಲ್ಲಿಗೆ ಒಯ್ದ್ರ, ಹೋಗೂದು ನಾನು, ಬರೂದು ನನ್ನ ಹೆಣ."

ಆದರೆ ನೀರು ಮಾತ್ರ ಕುಡಿಯುತ್ತಿರಲಿಲ್ಲ. ಲೋಟ ಹಿಡಿದರೆ ಒಂದು ಗುಟುಕು ಬಾಯಲ್ಲಿ ಇಟ್ಟುಕೊಂಡು, ನನ್ನ ಮುಖ ನೋಡಿ, ಕಷಾಯ ನುಂಗಿದಂತೆ ನುಂಗಿ, "ಸಾಕು" ಎನ್ನುತ್ತಿದ್ದರು. ಎರಡು ದಿನದಲ್ಲಿ ಒಂದು ಲೋಟ ಒಳಗೆ ಹೋಗಿದ್ದರೆ ಹೆಚ್ಚು. ಗುರುವಾರ ಬೆಳಿಗ್ಗೆಯೂ ಅದೇ ಗುಟುಕು, ಅದೇ "ಸಾಕು".

ಲೋಟ ತೊಳೆದಿಡುವಷ್ಟರಲ್ಲಿ ಫೋನು ಎರಡು ಸಲ ಗುಂಯ್‌ಗುಟ್ಟಿತು. ಮೊದಲನೆಯದು ಪುಣೆಯಲ್ಲಿರುವ ನನ್ನ ನಾದಿನಿ ಕಳಿಸಿದ್ದು. ತುರ್ತು ಪರಿಸ್ಥಿತಿ ಬಂದಾಗ ಬೇಕಾಗುತ್ತದೆ, ಪ್ರತಿ ಮನೆಯವರೂ ಮೂರು ದಿನದ ಕುಡಿಯುವ ನೀರನ್ನು ಸಂಗ್ರಹಿಸಿಟ್ಟುಕೊಳ್ಳಬೇಕು ಅಂತ ಒಂದು ಉಪದೇಶ. ಜೊತೆಗೆ ಚಿತ್ರ. ಗಂಡ, ಹೆಂಡತಿ, ಎರಡು ಮಕ್ಕಳು, ನಡುವೆ ಹನ್ನೆರಡು ಬಾಟಲಿ ನೀರು, ಒಂದು ಬ್ಯಾಟರಿ. ಎಲ್ಲರೂ ನಗುತ್ತಿದ್ದಾರೆ. ಯಾಕೆ ನಗುತ್ತಿದ್ದಾರೋ ತಿಳಿಯಲಿಲ್ಲ. ಕೆಳಗೆ ನಾದಿನಿಯ ಸ್ವಂತ ಮಾತು: "ವೈನಿ, ನೀವೂ ಸ್ವಲ್ಪ ಸ್ಟಾಕ್ ಮಾಡ್ಕೋರಿ."

ಗದಗ-ಬೆಟಗೇರಿಯ ಗೃಹಿಣಿಗೆ ನೀರು ತುಂಬಿಡು ಎಂದು ಹೇಳುವುದು ಮೀನಿಗೆ ಈಜು ಕಲಿಸಿದಂತೆ. ಮೂರು ದಿನವಂತೆ. ಹನ್ನೊಂದು ದಿನಕ್ಕೊಮ್ಮೆ ನಳ ಬರುವ ಓಣಿಯಲ್ಲಿ ತುರ್ತು ಪರಿಸ್ಥಿತಿಗೆ ಬೇರೆ ದಿನ ಎಲ್ಲಿಂದ ತರುವುದು? ನಮಗೆ ಅದು ಸೋಮವಾರ, ಮಂಗಳವಾರ, ಬುಧವಾರ ಇದ್ದಂತೆ. ನಮ್ಮ ಓಣಿಯ ಯಾವ ಮನೆಗೆ ಬೇಕಾದರೂ ಹೋಗಿ ನೋಡಿ. ಬಾಗಿಲಲ್ಲಿ ನೆಲದ ಟಾಕಿ, ಮಾಳಿಗೆ ಮೇಲೆ ಕರಿ ಟಾಕಿ, ಮೆಟ್ಟಿಲ ಕೆಳಗೆ ನೀಲಿ ಬ್ಯಾರಲ್ಲು, ಅಡುಗೆಮನೆಯಲ್ಲಿ ಸ್ಟೀಲಿನ ಕೊಡಗಳ ಗೋಪುರ, ದೇವರ ಜಗಲಿಯ ಪಕ್ಕದಲ್ಲೂ ಮುಚ್ಚಿಟ್ಟ ಎರಡು ತಾಮ್ರದ ಕೊಡ. ಕೂಸು ಹುಟ್ಟಿದ ಮನೆಗೆ ತೊಟ್ಟಿಲು ಬರುವ ಮೊದಲು ಇನ್ನೊಂದು ಬ್ಯಾರಲ್ಲು ಬರುತ್ತದೆ. ನೆಂಟರು ಬಂದರೆ ನಾವು ಮೊದಲು ಕೇಳುವುದು "ಯಾವಾಗ ಬಂದ್ರಿ" ಅಂತಲ್ಲ, "ನಿಮ್ಮ ಕಡೆ ನೀರು ಯಾವಾಗ ಬಂತ್ರಿ" ಅಂತ. ಲಕ್ಷ್ಮೇಶ್ವರದವರೂ ಶಿರಹಟ್ಟಿಯವರೂ ಅದನ್ನೇ ಕೇಳುತ್ತಾರೆ. ಬೇರೆಯವರಿಗಿಂತ ಒಂದು ದಿನ ಮೊದಲು ನಳ ಬರುವವರ ಮುಖದಲ್ಲಿ ಒಂದು ಸಿರಿತನ ಇರುತ್ತದೆ, ನೋಡಲಿಕ್ಕಾಗುವುದಿಲ್ಲ.

ಫೋನಿನಲ್ಲಿ ಎರಡನೆಯದು 'ಓಣಿ ನೀರು' ಗುಂಪಿಗೆ ಬಂದ ಧ್ವನಿ. ನೀರು ಬಿಡುವ ಈರಣ್ಣನದು. ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡೇ ಹೇಳಿದ್ದ: "ಇವತ್ತ ಎಂಟಕ್ಕ ನಿಮ್ಮ ಕಡೆ ಬಿಡ್ತೀವ್ರಿ."

ಇಷ್ಟು ಸಾಕು. ಆ ಕ್ಷಣಕ್ಕೆ ಓಣಿಯಲ್ಲಿದ್ದ ನೀರೆಲ್ಲ ಹಳಸಿಹೋಯಿತು.

ಇದನ್ನು ನಿಮಗೆ ಸ್ವಲ್ಪ ಬಿಡಿಸಿ ಹೇಳಬೇಕು. ಹನ್ನೊಂದು ದಿನ ನಾವು ಆ ನೀರನ್ನು ತುಪ್ಪದಂತೆ ಬಳಸುತ್ತೇವೆ. ಮಕ್ಕಳು ಅರ್ಧ ಲೋಟ ಬಿಟ್ಟರೆ ಬೆನ್ನಿಗೆ ಗುದ್ದುತ್ತೇವೆ. ಅಕ್ಕಿ ತೊಳೆದದ್ದು ಬೇಳೆಗೆ, ಬೇಳೆ ತೊಳೆದದ್ದು ಪಾತ್ರೆಗೆ, ಪಾತ್ರೆ ತೊಳೆದದ್ದು ಕರಿಬೇವಿಗೆ. ಹತ್ತನೆಯ ದಿನ ಸಂಜೆಯ ತನಕ ಅದು ಒಳ್ಳೆಯ ನೀರೇ. ಹೊಸ ನೀರು ಬರುತ್ತದೆಂಬ ಸುದ್ದಿ ಕಿವಿಗೆ ಬಿದ್ದ ಕೂಡಲೇ ಅದು 'ಹಳೆ ನೀರು'. ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಎಂದರೆ ಮೈಲಿಗೆ, ಸೋಮಾರಿತನ, ದರಿದ್ರ. ಗುರುವಾರವೂ ಆರು ಗಂಟೆಗೆ ಎದುರು ಮನೆಯ ಶರವ್ವ ಬ್ಯಾರಲ್ಲು ಹೊರಳಿಸಿದಳು. ಮೂವತ್ತು ಕೊಡ ಹಿಡಿಯುವ ಬ್ಯಾರಲ್ಲಿನಲ್ಲಿ ಅರ್ಧಕ್ಕಿಂತ ಹೆಚ್ಚು ನೀರಿತ್ತು. ಕನ್ನಡಿಯಂಥ ನೀರು ಗಟಾರಕ್ಕೆ ಹರಿಯಿತು. ಅವಳ ಹಿಂದೆಯೇ ಆಚೆ ಮನೆ, ಅದರಾಚೆ ಮನೆ. ಓಣಿ ತೊಳೆದ ತಟ್ಟೆಯಂತಾಯಿತು. ಹಂದಿಯೊಂದು ಬಂದು ಮಲಗಿತು.

"ಇದ್ದ ನೀರಿನ ಮ್ಯಾಲೇ ಹಾಕಬಹುದಲ್ಲ ಶರವ್ವ, ಚೆಲ್ಲೂದ್ಯಾಕ?" ಎಂದು ಪ್ರತಿ ಸಲದಂತೆ ಕೇಳಿದೆ.

"ಅಯ್ಯ ಅಕ್ಕಾರ, ಹಳೇದರ ಮ್ಯಾಲೆ ಹೊಸಾದು ಬಿದ್ರ ಹೆಪ್ಪ ಹಾಕಿದಂಗ ಆಗೂದಿಲ್ಲೇನ್ರಿ? ಎಲ್ಲಾ ಕೆಡತೈತಿ" ಎಂದು ಪ್ರತಿ ಸಲದಂತೆ ಹೇಳಿದಳು.

ನೀರಿಗೆ ಹೆಪ್ಪು. ನಾನು ನಕ್ಕು ಒಳಗೆ ಬಂದೆ. ಆ ನಗುವಿನಲ್ಲಿ ಒಂದಿಷ್ಟು ಕಾನ್ವೆಂಟು ಇತ್ತು, ಸುಳ್ಳು ಯಾಕೆ ಹೇಳಲಿ.

ನಮ್ಮ ಕಾನ್ವೆಂಟಿನಲ್ಲಿ ವಿಜ್ಞಾನ ಹೇಳುತ್ತಿದ್ದ ಸಿಸ್ಟರ್ ಕರಾವಳಿಯವರು. ಹೆಗಲಿಗೆ ನೇತುಹಾಕಿದ ನಮ್ಮ ಬಾಟಲಿಗಳ ಮುಚ್ಚಳ ತೆಗೆಸಿ ಒಂದೊಂದನ್ನೂ ಮೂಸಿ ನೋಡುತ್ತಿದ್ದರು. ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ ಎಂದು ಹಲಗೆಯ ಮೇಲೆ ಬರೆಸಿ ನಮ್ಮಿಂದ ಒಕ್ಕೊರಲಿನಲ್ಲಿ ಹೇಳಿಸುತ್ತಿದ್ದರು. ನಾನೂ ಹೇಳುತ್ತಿದ್ದೆ. ರಜೆಗೆ ಮುಳಗುಂದಕ್ಕೆ ಹೋದಾಗ ಅದನ್ನೇ ಅಜ್ಜಿಯ ಮುಂದೆ ಹೇಳಿದೆ. ಅಜ್ಜಿ ಕಾಳು ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟು, "ರುಚಿ ಇಲ್ಲಂತ? ಯಾವ ಊರಾಕಿ ಅಕಿ?" ಎಂದು ಕೇಳಿದಳು. ಅಜ್ಜಿಗೆ ಒಂದು ಗುಟುಕಿಗೆ ಬಾವಿ ಗೊತ್ತಾಗುತ್ತಿತ್ತು, ಎರಡು ಗುಟುಕಿಗೆ ಯಾರು ಸೇದಿದ್ದು ಎಂಬುದೂ ಗೊತ್ತಾಗುತ್ತಿತ್ತು ಎಂದು ಮನೆಯವರೆಲ್ಲ ನಂಬಿದ್ದರು. ಮುಂಡರಗಿಯ ಕಡೆ ಹಳ್ಳಿಯೊಂದಕ್ಕೆ ಕೊಟ್ಟಿದ್ದ ತಂಗಿಯ ಮನೆಗೆ ಹೋಗುವಾಗ ಅಜ್ಜಿ ಹಿತ್ತಾಳೆಯ ಕೂಜಾದಲ್ಲಿ ಮುಳಗುಂದದ ನೀರನ್ನೇ ಒಯ್ಯುತ್ತಿದ್ದಳು. ಅಲ್ಲಿಯ ಬೋರಿನ ನೀರು ಹಲ್ಲಿಗೆ ಕಂದು ಗೀರು ಎಳೆಯುತ್ತಿತ್ತು, ಅದು ನಿಜ. ಆದರೆ ಊಟಕ್ಕೆ ಕೂತಾಗ ಬೀಗರ ಮುಂದೆ, ತಂಗಿ ಇಟ್ಟ ತಂಬಿಗೆಯನ್ನು ಪಕ್ಕಕ್ಕೆ ಸರಿಸಿ, ತನ್ನ ಕೂಜಾ ತೆಗೆದಳಂತೆ. ಆ ತಂಗಿ ಒಂದು ವರ್ಷ ಅಜ್ಜಿಯ ಜೊತೆ ಮಾತು ಬಿಟ್ಟಳು. ಅಜ್ಜಿಗೆ ಅದರ ಚಿಂತೆಯೇ ಇರಲಿಲ್ಲ. "ಮಾತಿಲ್ದ ಬದುಕಬಹುದು" ಎಂದಳು. ನಾನು ಮಾತ್ರ ಇಬ್ಬರನ್ನೂ ಬಿಟ್ಟು ಸಿಸ್ಟರ್ ಪಕ್ಷ ಸೇರಿದೆ.

ಆ ಪಕ್ಷದ ಫಲವಾಗಿ ನಮ್ಮ ಮನೆಯಲ್ಲಿ ಕುಡಿಯುವ ನೀರಿಗೆ ನನ್ನದೇ ಒಂದು ಪದ್ಧತಿ. ನಳ ಬಂದ ದಿನ ನಾಲ್ಕು ಪದರದ ಪಂಜೆಯಲ್ಲಿ ಸೋಸುತ್ತೇನೆ. ಗಡಿಯಾರ ನೋಡಿ ಕುದಿಸುತ್ತೇನೆ. ಆರಿಸಿ ನಾಲ್ಕು ಬಿಳಿ ಕ್ಯಾನುಗಳಲ್ಲಿ ತುಂಬಿ ಬಿರಡೆ ಬಿಗಿಯುತ್ತೇನೆ. ನಮ್ಮ ಮನೆಯವರದು ಸ್ಟೇಷನರಿ ಅಂಗಡಿ, ಪಠ್ಯಪುಸ್ತಕಕ್ಕೆ ಅಂಟಿಸುವ ಚೀಟಿಗೆ ಬರವಿಲ್ಲ. ಅದನ್ನೇ ಕ್ಯಾನಿಗೆ ಅಂಟಿಸುತ್ತೇನೆ. ಹೆಸರು: ನೀರು. ತರಗತಿ: ಕುಡಿಯುವುದು. ವಿಷಯ: ತುರ್ತು. ಕೆಳಗೆ ತಾರೀಖು. ಶಾಲೆಯ ಹೆಸರಿನ ಜಾಗ ಖಾಲಿ ಬಿಡುತ್ತೇನೆ. ಓಣಿಯ ಹೆಂಗಸರು ಇದನ್ನು ನೋಡಲಿಕ್ಕೆಂದೇ ಒಂದೊಂದು ನೆಪ ಹಿಡಿದು ಬಂದು ಹೋಗಿದ್ದಾರೆ. "ಪರೀಕ್ಷಾ ಯಾವಾಗ ಐತ್ರಿ ನೀರಿಂದು?" ಎಂದು ಶರವ್ವ ಕೇಳಿದ್ದೂ ಆಗಿದೆ. ಕೇಳಲಿ. ಚೆಲ್ಲುವವರು ಇಡುವವರನ್ನು ನೋಡಿ ನಕ್ಕೇ ನಗುತ್ತಾರೆ.

ಈಗ ಆ ಗುರುವಾರ ನಾನು ಮಾಡಿದ್ದನ್ನು ಹೇಳುತ್ತೇನೆ, ನಿಮ್ಮ ಮುಖ ನೋಡದೆ ಹೇಳುತ್ತೇನೆ. ನಾಲ್ಕೂ ಕ್ಯಾನು ತುಂಬಿದ್ದವು. ಅತ್ತೆಯವರು ಅದನ್ನು ಕುಡಿಯುತ್ತಿಲ್ಲ. ತುಂಗಭದ್ರೆಯ ಹೊಸ ನೀರು ಎಂಟಕ್ಕೆ ಬರುತ್ತದೆ. ತಾಜಾ ಹೊಳೆ ನೀರು ಕುದಿಸಿ ಆರಿಸಿ ಕೊಟ್ಟರೆ ಕುಡಿದಾರು, ಸಂಜೆಗೆ ಆಸ್ಪತ್ರೆ ತಪ್ಪೀತು. ಕುದಿಸಿದ್ದನ್ನು ಹಾಕಲಿಕ್ಕೆ ಕ್ಯಾನು ಖಾಲಿ ಬೇಕು. ಅದೂ ಅಲ್ಲದೆ ಚೀಟಿಯ ಮೇಲಿನ ತಾರೀಖಿಗೆ ಹನ್ನೊಂದು ದಿನ ಆಗಿತ್ತು. ಶರವ್ವನದು ಹೆಪ್ಪಿನ ಶಾಸ್ತ್ರ, ನನ್ನದು ಚೀಟಿಯ ಶಾಸ್ತ್ರ. ಎರಡು ಕ್ಯಾನು ಕರಿಬೇವಿಗೆ ಹೋದವು, ಒಂದು ಮೆಟ್ಟಿಲಿಗೆ, ಒಂದು ನಮ್ಮ ಮನೆಯವರ ಸ್ಕೂಟರಿಗೆ. ಕ್ಯಾನುಗಳನ್ನು ಉಪ್ಪು ಹಾಕಿ ತಿಕ್ಕಿ, ಬಿಸಿಲಿಗೆ ಬೋರಲು ಹಾಕಿ, ಸೆರಗು ಸಿಕ್ಕಿಸಿಕೊಂಡು ನಳದ ತಗ್ಗಿಗೆ ಇಳಿದೆ.

ನಮ್ಮಲ್ಲಿ ನೀರು ಮೇಲೇರುವುದಿಲ್ಲ, ನಾವೇ ಕೆಳಗಿಳಿಯಬೇಕು. ಮನೆ ಮುಂದೆ ಎದೆಮಟ್ಟದ ತಗ್ಗು, ಅದರ ತಳದಲ್ಲಿ ನಳ. ಎಂಟಕ್ಕೆ ಓಣಿಯ ತುಂಬ ತಗ್ಗುಗಳಲ್ಲಿ ಹೆಂಗಸರ ತಲೆಗಳಷ್ಟೇ ಕಾಣುತ್ತಿದ್ದವು. ಎಂಟೂವರೆಗೆ ನಳ ಬುಸ್ ಎಂದಿತು, ಒಂದು ಹಿಡಿ ಕೆಂಪು ರಾಡಿ ಉಗುಳಿತು, ಸುಮ್ಮನಾಯಿತು. ಒಂಬತ್ತಕ್ಕೆ ಈರಣ್ಣನ ಧ್ವನಿ ಬಂತು: "ಕೊರ್ಲಹಳ್ಳಿ ಕಡೆ ಪೈಪ್ ಒಡದೈತ್ರಿ. ಮೂರ್ನಾಕು ದಿನ ಅಡ್ಜಸ್ಟ್ ಮಾಡ್ಕೋರಿ."

ತಗ್ಗುಗಳಿಂದ ತಲೆಗಳು ಒಂದೊಂದಾಗಿ ಮೇಲೆ ಬಂದವು. ಓಣಿಯ ಉದ್ದಕ್ಕೂ ತಿಕ್ಕಿ ತೊಳೆದ ಬ್ಯಾರಲ್ಲು, ಕೊಡ, ಹಂಡೆ, ಎಲ್ಲ ಬೋರಲು ಬಿದ್ದು ಬಿಸಿಲಿಗೆ ಹೊಳೆಯುತ್ತಿದ್ದವು. ಅಷ್ಟು ಚಂದದ ಪಾತ್ರೆಗಳನ್ನು ಪಾತ್ರೆ ಅಂಗಡಿಯಲ್ಲೂ ನಾನು ನೋಡಿಲ್ಲ. ಅವುಗಳ ನಡುವೆ ನನ್ನ ನಾಲ್ಕು ಕ್ಯಾನುಗಳೂ ಇದ್ದವು, ವಿದ್ಯಾವಂತರಂತೆ ಸಾಲಾಗಿ.

ಬಳಸುವುದಕ್ಕೆ ಬೋರಿನ ಸವಳು ನೀರು ಇದೆ, ಅದಕ್ಕೆ ಅಡ್ಡಿಯಿಲ್ಲ. ಕುಡಿಯುವುದಕ್ಕೆ ನಮ್ಮ ಮನೆಯವರು ಶುದ್ಧ ನೀರಿನ ಘಟಕದಿಂದ ಒಂದು ಕ್ಯಾನು ತಂದರು. ನಾನು ಲೋಟಕ್ಕೆ ಹಾಕಿ ಅತ್ತೆಯವರ ಬಾಯಿಗೆ ಹಿಡಿದೆ. ಅವರು ನಾಲಗೆ ಮುಟ್ಟಿಸಿ, ಲೋಟವನ್ನು ದೂರ ಹಿಡಿದು ನೋಡಿದರು.

"ಇದು ನೀರಲ್ಲ ಯವ್ವಾ. ನೀರಿನ ಫೋಟೋ."

"ಫಿಲ್ಟರ್ ನೀರು ಅತ್ತಿ, ಶುದ್ಧ ಐತಿ."

"ಶುದ್ಧ ಇದ್ರ ನೀನ ಕುಡಿ."

ಅಂಗಡಿಯಿಂದ ಸೀಲು ಮಾಡಿದ ಬಾಟಲಿ ತರಿಸಿದೆ. ಅದರ ಮೇಲಿನ ಹಿಮಪರ್ವತದ ಚಿತ್ರ ನೋಡಿ, "ಇಷ್ಟು ದೂರದಿಂದ ಬಂದೈತಿ, ದಣದಿರತೈತಿ, ಇಡು" ಎಂದು ಬದಿಗಿಡಿಸಿದರು. ಎಳನೀರಿಗೆ ಶೀತ ಎಂದರು. ಆಸ್ಪತ್ರೆಯ ಉಪ್ಪು ಸಕ್ಕರೆ ಪುಡಿ ಕಲಸಿದರೆ ವಾಸನೆಗೇ ಹುಬ್ಬು ಗಂಟಿಕ್ಕಿದರು. ಹನ್ನೊಂದು ಗಂಟೆಗೆ ಅವರ ತುಟಿ ಬಿರಿದು, ಮಾತಾಡುವಾಗ ನಾಲಗೆ ಅಂಗುಳಕ್ಕೆ ಅಂಟುವ ಸದ್ದು ಕೇಳತೊಡಗಿತು. ಹೆಬ್ಬೆರಳು ಅಲ್ಲಾಡುವುದು ನಿಂತಿತ್ತು. ನಮ್ಮ ಮನೆಯವರು ಕಪಾಟಿನಿಂದ ಆಸ್ಪತ್ರೆಯ ಫೈಲು ತೆಗೆದು ಟೇಬಲ್ಲಿನ ಮೇಲಿಟ್ಟರು. ಅತ್ತೆಯವರು ಫೈಲಿನ ಕಡೆ ನೋಡಿದರು, ಆಮೇಲೆ ತಮ್ಮ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು.

ಒಂದು ತಂಬಿಗೆ ಹೊಳೆ ನೀರಿಗಾಗಿ ಓಣಿಗಿಳಿದೆ. "ಈಗರ ಚೆಲ್ಲೇನ್ರೀ ಅಕ್ಕಾರ, ನೀವ ನೋಡಿದ್ರಲ್ಲ" ಎಂದಳು ಶರವ್ವ, ಅದೂ ನನ್ನದೇ ತಪ್ಪು ಎಂಬಂತೆ. ಉಳಿದ ಮನೆಗಳಲ್ಲೂ ಅದೇ ಉತ್ತರ. ಕೊನೆಗೆ ಉಳಿದದ್ದು ನಮ್ಮ ಗೋಡೆಗೆ ಗೋಡೆ ಹಚ್ಚಿಕೊಂಡಿರುವ ನೀಲವ್ವನ ಮನೆ. ಅದನ್ನು ನಾನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆ.

ನೀಲವ್ವ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುವವಳು. ಬೆಳಗಿನಿಂದ ಅವಳ ಮನೆಯಿಂದ ಪಟಪಟ ಸದ್ದು. ಅವಳ ಅಂಗಳದ ಮೂಲೆಯಲ್ಲಿ ಉಸುಕಿನಲ್ಲಿ ಅರ್ಧ ಹೂತಿಟ್ಟ ಒಂದು ದೊಡ್ಡ ಮಣ್ಣಿನ ಹರವಿ. ಹೊರಗೆಲ್ಲ ಹಸಿರು ಪಾಚಿ, ಬುಡದಲ್ಲಿ ತಾನೇ ಹುಟ್ಟಿದ ಒಂದೆರಡು ಜೋಳದ ಸಸಿ. ನಾನು ಮದುವೆಯಾಗಿ ಬಂದಾಗಿನಿಂದ ಆ ಹರವಿಯನ್ನು ಬರಿದು ಮಾಡಿದ್ದನ್ನು ನೋಡಿಲ್ಲ. ಹೊಸ ನೀರು ಬಂದರೆ ಹಳೆಯದರ ಮೇಲೇ ಸುರಿಯುತ್ತಾಳೆ. ಎರಡು ವರ್ಷದ ಹಿಂದೆ ಐದಾರು ಹೆಂಗಸರ ಮುಂದೆ ನಾನು, "ನೀಲವ್ವ, ನಿಮ್ಮ ಹರವ್ಯಾಗ ಕಪ್ಪಿ ಸಂಸಾರ ಹೂಡ್ಯಾವ, ಬಾಡಿಗಿ ಇಸ್ಕೋರಿ" ಎಂದಿದ್ದೆ. ಎಲ್ಲರೂ ನಕ್ಕಿದ್ದರು. ನೀಲವ್ವ ನಗಲಿಲ್ಲ, ಸಿಟ್ಟೂ ಆಗಲಿಲ್ಲ. ರೊಟ್ಟಿ ಹೊತ್ತೀತು ಎಂದು ಒಳಗೆ ಹೋಗಿದ್ದಳು. ಆಮೇಲೆ ನಮ್ಮ ನಡುವೆ ಹಬ್ಬಕ್ಕೆ ಹೋಳಿಗೆ ಕೊಟ್ಟು ತೆಗೆದುಕೊಳ್ಳುವಷ್ಟು ಮಾತು.

ಬಾಗಿಲಲ್ಲಿ ನಿಂತೆ. ಅವಳು ಬಡಿಯುವುದನ್ನು ನಿಲ್ಲಿಸಲಿಲ್ಲ.

"ಏನ್ರಿ ಅಕ್ಕಾರ, ಬರ್ರಿ, ಕುಂಡ್ರಿ. ಹಿಟ್ಟು ಹಾರ್ತೈತಿ, ಸ್ವಲ್ಪ ಆ ಕಡೆ ಕುಂಡ್ರಿ."

"ಕುಂಡ್ರಾಕ ಬಂದಿಲ್ಲ ನೀಲವ್ವ." ನನ್ನ ದನಿ ನನಗೇ ಸಿಸ್ಟರ್ ದನಿಯಂತೆ ಕೇಳಿಸಿತು. "ಅತ್ತಿ ನೀರು ಕುಡಿವಲ್ರು. ಹೊಳಿ ನೀರು ಏನರ ಉಳದೈತೇನು ನಿಮ್ಮಲ್ಲಿ?"

"ಹರವಿ ತುಂಬ ಐತಲ್ರಿ. ನನಗ ಚೆಲ್ಲಾಕ ಪುರುಸೊತ್ತು ಎಲ್ಲಿ ಐತಿ?" ಹಂಚಿನ ಮೇಲಿನ ರೊಟ್ಟಿ ತಿರುವಿ, ಕೈಯ ಹಿಟ್ಟು ಸೆರಗಿಗೆ ಒರೆಸಿಕೊಂಡು ಎದ್ದಳು. ತಾಮ್ರದ ಸಣ್ಣ ಕೊಡ ತಂದು ಹರವಿಯಲ್ಲಿ ಅದ್ದಿದಳು. ಮೊಣಕೈ ತನಕ ಅದ್ದಿದಳು. ನಾನು ಬೇರೆ ಕಡೆ ನೋಡಿದೆ.

"ಕಪ್ಪಿ ಇದ್ರ ತೆಗದು ಬಿಟ್ಟುಬಿಡ್ರಿ" ಎಂದು ಕೊಡ ನನ್ನ ಕೈಗಿತ್ತಳು. ಮುಖದಲ್ಲಿ ನಗು ಇತ್ತೋ ಇಲ್ಲವೋ, ಒಲೆಯ ಹೊಗೆಯಲ್ಲಿ ಕಾಣಲಿಲ್ಲ.

ಮನೆಗೆ ತಂದು ಪಂಜೆಯಲ್ಲಿ ಮೂರು ಸಲ ಸೋಸಿದೆ. ಏನೂ ಸಿಗಲಿಲ್ಲ. ಒಂದು ಜೋಳದ ಸಿಪ್ಪೆ ಕೂಡ ಸಿಗಲಿಲ್ಲ, ಸಿಕ್ಕಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಆದರೂ ಕುದಿಸಿದೆ, ಗಡಿಯಾರ ನೋಡಿಯೇ ಕುದಿಸಿದೆ. ಕ್ಯಾನುಗಳು ಇನ್ನೂ ಉಪ್ಪಿನ ಘಾಟು ಬಿಟ್ಟಿರಲಿಲ್ಲವಾದ್ದರಿಂದ ಅದೇ ತಾಮ್ರದ ಕೊಡಕ್ಕೆ ತಿರುಗಿ ಹಾಕಿ, ಒದ್ದೆ ಬಟ್ಟೆ ಸುತ್ತಿ ಕಿಟಕಿಯಲ್ಲಿ ಆರಲಿಕ್ಕಿಟ್ಟೆ. ಎರಡು ಗಂಟೆಗೆ ಒಂದು ಲೋಟ ತಂದು ಹಿಡಿದೆ.

ಅತ್ತೆಯವರು ಒಂದು ಗುಟುಕು ಕುಡಿದರು. ಕಣ್ಣು ತೆರೆದು ಕಿಟಕಿಯ ಕೊಡ ನೋಡಿದರು, ಲೋಟವನ್ನು ನನ್ನ ಕೈಯಿಂದ ತಾವೇ ತೆಗೆದುಕೊಂಡರು, ಗಟಗಟ ಮುಗಿಸಿದರು. ಇನ್ನೊಂದು ಲೋಟ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ನೀರಿನ ಕುಲಗೋತ್ರ ಕೇಳದೆ ಹನಿ ನುಂಗದ ಹೆಂಗಸು ಎಲ್ಲಿಂದ ತಂದೆ ಎಂದು ಒಂದು ಮಾತೂ ಕೇಳಲಿಲ್ಲ. ಒಣಗಿದ ನಾಲಗೆಗೆ ಹೊಳೆ ನೀರಿನ ಗುರುತಾದರೂ ಹತ್ತಿತಲ್ಲ ಎಂದುಕೊಂಡೆ. ನಾಲ್ಕು ಗಂಟೆಗೆ ಎದ್ದು ಕೂತು ಬಾಚಣಿಗೆ ಕೇಳಿದರು. ಐದಕ್ಕೆ ಡಾಕ್ಟರಿಗೆ ಫೋನು ಮಾಡಿದೆ. "ಹಂಗಾದ್ರ ಬರೂದು ಬ್ಯಾಡ" ಎಂದರು. ನಮ್ಮ ಮನೆಯವರು ಫೈಲನ್ನು ಕಪಾಟಿಗೆ ಇಟ್ಟು, ಬಾಗಿಲು ಹಾಕಿ, ಕಪಾಟಿಗೇ ಒರಗಿಕೊಂಡು ಸ್ವಲ್ಪ ಹೊತ್ತು ನಿಂತರು.

ಸಂಜೆ ದೀಪ ಹಚ್ಚುವ ಹೊತ್ತಿಗೆ ನೀಲವ್ವ ಬಂದಳು. ಕಂಕುಳಲ್ಲಿ ರೊಟ್ಟಿಯ ಗಂಟು, ಖಾನಾವಳಿಗೆ ಹೊರಟವಳು, ಕೊಡ ಕೇಳಲಿಕ್ಕೆ ಬಂದಿದ್ದಳು. ನಾನು ಅದನ್ನು ಹುಣಸೆಹಣ್ಣು ಹಚ್ಚಿ ಬೆಳಗಿಟ್ಟಿದ್ದೆ. ಉಪಕಾರ ಎಂಬ ಶಬ್ದ ನನ್ನ ಬಾಯಿಗೆ ಸುಲಭವಾಗಿ ಬರುವುದಿಲ್ಲ. ಅದಕ್ಕೆ ಸುತ್ತು ಹಾಕಿ, "ಐದು ಲೋಟ ಕುಡದ್ರು ನೋಡ್ರಿ. ನಾ ಸೋಸಿ, ಕಾಸಿ, ಆರಿಸಿ ಕೊಟ್ಟೆ, ಕುಡದ್ರು" ಎಂದೆ.

ನೀಲವ್ವ ಕೊಡವನ್ನು ತಿರುವಿ ಒಮ್ಮೆ ನೋಡಿ, ಇನ್ನೊಂದು ಕಂಕುಳಿಗೆ ಸಿಕ್ಕಿಸಿಕೊಂಡು, ಆಗಲೇ ಮೆಟ್ಟಿಲು ಇಳಿಯುತ್ತ ಹೇಳಿದಳು:

"ಕುಡೀದ ಏನ ಮಾಡ್ಯಾರ ಬಿಡ್ರಿ. ದಿನಾ ಮಧ್ಯಾಹ್ನ ನೀವು ಒರಗಿದ ಮ್ಯಾಗ ನಮ್ಮ ಅಂಗಳಕ್ಕ ಬಂದು ಎರಡು ತಂಬಿಗಿ ಕುಡದು ಹೋಗಾಕಿ ನಮ್ಮ ಮುದುಕಿ. ಹತ್ತು ದಿನ ಆತಲ್ರಿ, ಬಂದಿಲ್ಲ. ನೀರಡಿಸಿರತಾಳ."